ನೂರ ಎಂಬತ್ತೆಂಟು ಚೌಕಗಳ ಗಾಯ

ಈಜು ಟೀಚರ್ ನಮ್ಮ ವಿಭಾಗಕ್ಕೆ ಬರುವಾಗ ಮೊದಲು ಬರುವುದು ಅವರ ದನಿ, ಆಮೇಲೆ ಊರುಗೋಲು, ಕೊನೆಗೆ ಅವರು.

“ಅಳತೆ ಮೇಡಂ, ಇವತ್ತಾದರೂ ಪಾಸ್ ಮಾಡಿ. ಆರು ವಾರದಿಂದ ಒಂದೇ ಕ್ಲಾಸಲ್ಲಿ ಕೂತಿದೀನಿ.”

ಅಳತೆ ಮೇಡಂ ಎಂದರೆ ನಾನು. ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ತಿಂಗಳುಗಟ್ಟಲೆ ಮಾಯದ ಗಾಯಗಳಿಗೆಂದೇ ಇರುವ ವಿಭಾಗದಲ್ಲಿ, ಗಾಯಗಳನ್ನು ಅಳೆಯುವುದು ನನ್ನ ಕೆಲಸ. ಮಂಗಳವಾರ ಪಟ್ಟಿ ಬಿಚ್ಚುವ ದಿನ. ದೊಡ್ಡ ಸಿಸ್ಟರ್ ಪಟ್ಟಿ ಬಿಚ್ಚಿ ಗಾಯ ತೊಳೆದ ಮೇಲೆ ನಾನು ಎರಡು ಪದರದ ಪಾರದರ್ಶಕ ಹಾಳೆಯನ್ನು ಅದರ ಮೇಲೆ ಹಗುರವಾಗಿ ಇಟ್ಟು, ಸಣ್ಣ ಮೊನೆಯ ಪೆನ್ನಿನಿಂದ ಅಂಚಿನ ಗೆರೆ ಎಳೆಯುತ್ತೇನೆ. ಗಾಯಕ್ಕೆ ತಾಗಿದ ಕೆಳಪದರ ಕಸದ ಡಬ್ಬಿಗೆ, ಮೇಲ್ಪದರ ನನ್ನ ಮೇಜಿಗೆ. ಅದನ್ನು ಚೌಕುಳಿ ಕಾಗದದ ಮೇಲಿಟ್ಟು, ಗೆರೆಯೊಳಗೆ ಎಷ್ಟು ಚೌಕ ಬಿದ್ದವೆಂದು ಎಣಿಸುತ್ತೇನೆ. ಒಂದೊಂದು ಚೌಕದ ಬದಿ ಎರಡು ಮಿಲಿಮೀಟರು. ಚೌಕ ಅರ್ಧಕ್ಕಿಂತ ಹೆಚ್ಚು ಒಳಗಿದ್ದರೆ ಲೆಕ್ಕಕ್ಕೆ, ಇಲ್ಲದಿದ್ದರೆ ಇಲ್ಲ. ವಿಜ್ಞಾನದ ಪದವಿ ಪಡೆದವಳು ಮಾಡಬೇಕಾದ ಕೆಲಸವಾ ಇದು ಎಂದು ಮೊದಮೊದಲು ಅನಿಸಿದ್ದುಂಟು. ಇದನ್ನೇ ಮಾಡುವ ಯಂತ್ರ ಇದೆಯಂತೆ, ನಮ್ಮಲ್ಲಿ ಬಂದಿಲ್ಲ. ಅದು ಬರುವವರೆಗೆ ನಾನೇ ಯಂತ್ರ.

ಯಂತ್ರಕ್ಕಿಲ್ಲದ ಒಂದು ಗುಣ ನನಗಿದೆ. ನನಗೆ ಹೆದರಿಕೆ ಜಾಸ್ತಿ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತೇನೆ. ಹಾಗೆ ಎಳೆದೂ ಎಳೆದೂ ಒಂದು ಬೀಗ ಕೆಟ್ಟೇ ಹೋಯಿತು. ಗಾಯದ ಚೌಕಗಳನ್ನೂ ಮೂರು ಸಲ ಎಣಿಸುತ್ತೇನೆ. ಡಾಕ್ಟರಿಗೆ ಈ ಗುಣವೇ ಇಷ್ಟ. “ನನ್ನ ಕಣ್ಣು ಆಸೆಬುರುಕ ಕಣ್ಣು. ಸ್ವಲ್ಪ ಕೆಂಪು ಕಮ್ಮಿಯಾದರೆ ವಾಸಿ ಆಯ್ತು ಅನ್ನುತ್ತೆ. ನಿಮ್ಮ ಕೈಗೆ ಆಸೆ ಇಲ್ಲ, ಅದಕ್ಕೇ ನಂಬೋದು,” ಎಂದು ಅವರು ಒಮ್ಮೆ ಹೇಳಿದ್ದರು. ಆ ಮಾತನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅದು ಸುಳ್ಳಾಗಿಬಿಡುತ್ತದೆ ಎಂಬ ಭಯ.

ಈಜು ಟೀಚರಿಗೆ ಐವತ್ತೇಳು ವರ್ಷ. ಹದಿನಾಲ್ಕು ತಿಂಗಳ ಹಿಂದೆ ಬೆಳಿಗ್ಗೆ ಈಜುಕೊಳಕ್ಕೆ ಹೋಗುತ್ತಿದ್ದಾಗ ಒಂದು ವ್ಯಾನು ಅವರ ಸ್ಕೂಟರಿಗೆ ಗುದ್ದಿ, ಮೊಣಕಾಲ ಕೆಳಗಿನ ಎಲುಬು ಎರಡು ಕಡೆ ಮುರಿದಿತ್ತು. ಒಳಗೆ ಸರಳು ಹಾಕಿದರು. ಎಲುಬು ತಡವಾಗಿಯಾದರೂ ಕೂಡಿಕೊಂಡಿತು. ಕೂಡಿಕೊಳ್ಳದೆ ಉಳಿದದ್ದು ಮೇಲಿನ ಚರ್ಮ. ಕಾಲಿನ ಮುಂಭಾಗದಲ್ಲಿ ಮಾಂಸವೇ ಕಮ್ಮಿ, ಗಾಯ ಬಾಯಿ ತೆರೆದುಕೊಂಡೇ ಇತ್ತು. ತೊಡೆಯಿಂದ ಚರ್ಮ ತೆಗೆದು ಒಮ್ಮೆ ಹಚ್ಚಿದ್ದರು. ಅದು ಹಿಡಿಯದೆ ಹತ್ತೇ ದಿನದಲ್ಲಿ ಕಪ್ಪಾಗಿ ಕಿತ್ತು ಬಂತು. ಗಾಯ ಮುಚ್ಚುವ ತನಕ ನೀರಿಗಿಳಿಯುವಂತಿಲ್ಲ. ಮೂವತ್ತು ವರ್ಷ ದಿನವೂ ನೀರಿನಲ್ಲಿದ್ದ ಹೆಂಗಸಿಗೆ ಈಗ ಸ್ನಾನಕ್ಕೂ ಕಾಲಿಗೆ ಪ್ಲಾಸ್ಟಿಕ್ ಚೀಲ.

ಅವರ ಕೊನೆಯ ತರಗತಿಯಲ್ಲಿ ಹನ್ನೊಂದು ಹೆಂಗಸರಿದ್ದರು. ಎಲ್ಲರೂ ಮುಪ್ಪಿನ ಹೊಸ್ತಿಲಲ್ಲಿ ಈಜು ಕಲಿಯಲು ಬಂದವರು. ಅತಿ ಚಿಕ್ಕವರಿಗೇ ಐವತ್ನಾಲ್ಕು. ಟೀಚರ್ ಅವರನ್ನು ‘ನನ್ನ ಹುಡುಗೀರು’ ಎನ್ನುತ್ತಾರೆ. ಟೀಚರ್ ಬಿದ್ದ ಮೇಲೆ ಕೊಳದವರು ಬೇರೆಯವನನ್ನು ಇಟ್ಟರು. ಹುಡುಗಿಯರು ಒಂದು ದಿನ ಹೋಗಿ ವಾಪಸಾದರು.

“ಅವನು ಸೀಟಿ ಊದ್ತಾನಂತೆ ಮೇಡಂ. ಸೀಟಿ ಊದಿದರೆ ಹೊರಡೋಕೆ ನಾವೇನು ರೈಲಾ ಅಂತ ಕೇಳಿ ಬಂದಿದ್ದಾರೆ. ಈಗ ಭಾನುವಾರ ಭಾನುವಾರ ಕೊಳದ ದಂಡೆ ಮೇಲೆ ಕೂತು, ಪಾದ ನೀರಿಗೆ ಬಿಟ್ಟುಕೊಂಡು, ಸೊಸೆಯರನ್ನ ಬೈದು ಮನೆಗೆ ಹೋಗ್ತಾರೆ. ಅರ್ಧ ಈಜು ಕಲಿತವರು ಅವರು. ಅರ್ಧ ಕಲಿತವರು ಮುಳುಗೋದೇ ಜಾಸ್ತಿ. ನಾನು ಹೋಗಲೇಬೇಕು.”

ಅದಕ್ಕೇ ಅವರು ಹೊಸ ಮುಲಾಮಿಗೆ ಒಪ್ಪಿಕೊಂಡದ್ದು. ಮುಲಾಮಿನ ಪರೀಕ್ಷೆಗೆ ಸೇರಿದ ಹದಿಮೂರು ಜನರಲ್ಲಿ ಅವರೇ ಮೊದಲನೆಯವರು. ಆ ದಿನ ಡಾಕ್ಟರು ಸಿಂಕಿನ ಬಳಿ ಬಿದ್ದಿದ್ದ ಬಾಟಲಿ ತೊಳೆಯುವ ಬ್ರಷ್ ತಂದು ಅವರಿಗೆ ತೋರಿಸಿದ್ದರು.

“ಇದರ ಹೆಸರು ಪ್ರೋಟಿಯೋಗ್ಲೈಕನ್. ನಡುವಿನ ಈ ತಂತಿ ಇದೆಯಲ್ಲ, ಅದು ಪ್ರೋಟೀನ್. ಸುತ್ತ ಇರುವ ಕೂದಲೆಲ್ಲ ಸಕ್ಕರೆಯ ಸರಪಳಿ. ಈ ಕೂದಲು ನೀರನ್ನ ಹಿಡಿದಿಟ್ಟುಕೊಳ್ಳುತ್ತೆ. ಬೆಳೀರಿ, ಬನ್ನಿ ಅಂತ ಜೀವಕೋಶಗಳಿಗೆ ಹೇಳೋ ವಸ್ತುಗಳನ್ನೂ ಸಿಕ್ಕಿಸಿಟ್ಟುಕೊಳ್ಳುತ್ತೆ. ನಮ್ಮ ಮೈಯಲ್ಲಿ ಇದು ಮೊದಲೇ ಇರುತ್ತೆ, ಹಳೇ ಗಾಯದಲ್ಲಿ ಹಾಳಾಗಿ ಹೋಗಿರುತ್ತೆ. ಹೊರಗಿಂದ ಸ್ವಲ್ಪ ಕೊಟ್ಟರೆ ಚರ್ಮಕ್ಕೆ ಬೆಳೆಯೋಕೆ ಒಂದು ಹಂದರ ಸಿಗಬಹುದು. ಸಿಗಬಹುದು ಅಂದೆ. ಸಿಗುತ್ತೆ ಅನ್ನಲಿಲ್ಲ.”

“ಸಕ್ಕರೆ ಅಂತೀರಿ. ಇರುವೆ ಬರಲ್ವಾ ಡಾಕ್ಟ್ರೇ?”

“ಆ ಸಕ್ಕರೆ ಅಲ್ಲ.”

“ಎಲ್ಲಿಂದ ತೆಗೀತಾರೆ ಇದನ್ನ?”

ಡಾಕ್ಟರು ಬ್ರಷ್ ಕೆಳಗಿಟ್ಟರು. “ಮೀನಿನ ಮೂಗಿನ ಮೆತ್ತನೆ ಎಲುಬಿನಿಂದ.”

ಟೀಚರ್ ನಕ್ಕ ರಭಸಕ್ಕೆ ಪಕ್ಕದ ಹಾಸಿಗೆಯವರು ಎದ್ದು ಕೂತರು. “ಮೂವತ್ತು ವರ್ಷ ಮೀನಿನ ಥರ ಈಜಿ ಅಂತ ಮಕ್ಕಳಿಗೆ ಹೇಳಿದ್ದಕ್ಕೆ ಮೀನೇ ಬಂತು ನೋಡಿ. ಆದರೆ ಮೂಗು ಅಂತೀರಿ. ಗಾಯ ವಾಸಿಯಾಗಿ ಕಾಲಿಗೆ ನೆಗಡಿ ಆದರೆ ನಿಮ್ಮನ್ನೇ ಕೇಳ್ತೀನಿ.”

ನಿಯಮ ಒಂದೇ, ಸರಳವಾದದ್ದು. ಮೊದಲ ದಿನ ಡಾಕ್ಟರೇ ಗೆರೆ ಎಳೆಯುತ್ತಾರೆ, ಆಮೇಲಿನ ವಾರಗಳದ್ದು ನನ್ನದು. ಆರನೆಯ ವಾರಕ್ಕೆ ಗಾಯ ಮೊದಲ ದಿನದ ಅರ್ಧಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಆ ರೋಗಿಗೆ ಮುಲಾಮು ನಿಲ್ಲಿಸಬೇಕು. ಟೀಚರ ಮಟ್ಟಿಗೆ ಮುಲಾಮು ನಿಲ್ಲುವುದೆಂದರೆ ಮತ್ತೆ ತೊಡೆಯಿಂದ ಚರ್ಮ ತೆಗೆಯುವ ಆಪರೇಷನ್. ಈ ಸಲವೂ ಅದು ಹಿಡಿಯದಿದ್ದರೆ ಮುಂದೇನೆಂದು ಡಾಕ್ಟರು ಹೇಳಿರಲಿಲ್ಲ, ಟೀಚರ್ ಕೇಳಿರಲೂ ಇಲ್ಲ.

ಮೊದಲ ದಿನದ ಗಾಯ ನೂರ ಎಂಬತ್ತೆಂಟು ಚೌಕ. ಅರ್ಧ ಎಂದರೆ ತೊಂಬತ್ತನಾಲ್ಕು.

ಮೊದಲ ವಾರ ಸಂಖ್ಯೆ ಇಳಿಯುವ ಬದಲು ಏರಿತ್ತು. ಸತ್ತ ಚರ್ಮವನ್ನು ಕೆರೆದು ತೊಳೆದಾಗ ಗಾಯ ಮೊದಲು ದೊಡ್ಡದಾಗುವುದುಂಟು ಎಂದು ಡಾಕ್ಟರು ಸಮಾಧಾನ ಹೇಳಿದ್ದರು. ಆಮೇಲೆ ನಿಧಾನವಾಗಿ ಇಳಿಯುತ್ತಾ ಬಂತು. ಆ ಮಂಗಳವಾರ, ಆರನೆಯ ವಾರ, ನಾನು ಗೆರೆ ಎಳೆದು ಎಣಿಸಿದೆ. ನೂರ ಮೂವತ್ತೆಂಟು. ಮತ್ತೆ ಎಣಿಸಿದೆ, ನೂರ ಮೂವತ್ತೇಳು. ಮೂರನೆಯ ಸಲ ಮತ್ತೆ ನೂರ ಮೂವತ್ತೆಂಟು.

ಡಾಕ್ಟರು ಸಂಖ್ಯೆ ನೋಡಿ, ಕಾಲು ನೋಡಿ, ಮತ್ತೆ ಸಂಖ್ಯೆ ನೋಡಿದರು. “ಕಣ್ಣಿಗೆ ಚೆನ್ನಾಗೇ ಕಾಣ್ತಿದೆ,” ಎಂದು ತಮಗೆ ತಾವೇ ಹೇಳಿಕೊಂಡರು.

“ಚೆನ್ನಾಗೇ ಇದೆ,” ಎಂದರು ಟೀಚರ್. “ರಾತ್ರಿಯೆಲ್ಲ ತುರಿಸುತ್ತೆ. ತುರಿಕೆ ಅಂದರೆ ವಾಸಿ ಅಂತಲೇ ಅರ್ಥ, ನನಗೆ ಗೊತ್ತು. ನನ್ನ ಕಾಲು ವಾಸಿ ಆಗ್ತಾ ಇದೆ ಡಾಕ್ಟ್ರೇ, ನಿಮ್ಮ ಕಾಗದ ವಾಸಿ ಆಗ್ತಾ ಇಲ್ಲ.”

“ನಾನು ಕಾಗದದ ಮಾತೇ ಕೇಳಬೇಕು ಟೀಚರ್. ಕಣ್ಣಿಗೆ ಚೆನ್ನಾಗಿ ಕಾಣೋದನ್ನೆಲ್ಲ ನಂಬಿದ್ದಿದ್ದರೆ ಈ ಊರಿನ ಅರ್ಧ ಗಾಯ ನನ್ನ ಪುಸ್ತಕದಲ್ಲಿ ಮಾತ್ರ ವಾಸಿಯಾಗಿರ್ತಿತ್ತು. ಶುಕ್ರವಾರ ಸಭೆ ಇದೆ, ಅಲ್ಲಿ ಹೇಳ್ತೀನಿ. ಸೋಮವಾರ ಆಪರೇಷನ್‌ಗೆ ಜಾಗ ಇದೆ, ಇಟ್ಟುಕೊಳ್ಳೋಣ.”

ಸಿಸ್ಟರ್ ಹೊಸ ಪಟ್ಟಿ ಸುತ್ತತೊಡಗಿದರು. ಪ್ಯಾಂಟಿನ ಒಂದು ಕಾಲನ್ನು ಹೊಲಿಗೆ ಬಿಚ್ಚಿ, ಸೇಫ್ಟಿ ಪಿನ್ನುಗಳಿಂದ ಕೂಡಿಸಿಕೊಂಡು ಬರುತ್ತಿದ್ದರು ಟೀಚರ್. ಈಗ ಆ ಪಿನ್ನುಗಳನ್ನು ಒಂದೊಂದಾಗಿ ಹಾಕಿಕೊಳ್ಳುತ್ತಾ ನನ್ನ ಕಡೆ ನೋಡಿದರು.

“ಮೇಡಂ, ಚೌಕಗಳನ್ನ ಸ್ವಲ್ಪ ದೊಡ್ಡದು ಮಾಡೋಕಾಗಲ್ವಾ? ಆಗ ಕಮ್ಮಿ ಬೀಳ್ತಾವೆ.”

ನಗು ಬಂತು, ನಗುವ ಧೈರ್ಯ ಬರಲಿಲ್ಲ.

ಆ ದಿನ ಡಾಕ್ಟರ ಅನುಮತಿ ಕೇಳಿ, ಟೀಚರ ಗಾಯದ ಹಾಳೆಗಳ ಪ್ರತಿಗಳನ್ನೂ ವಾರವಾರದ ಫೋಟೋಗಳನ್ನೂ ಮನೆಗೆ ತಂದೆ. ಅವುಗಳ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಫೋಟೋಗಳನ್ನು ಗಾಯದ ನಿಜವಾದ ಅಳತೆಗೇ ಮುದ್ರಿಸಿರುತ್ತಾರೆ, ಪಕ್ಕದಲ್ಲಿ ಅಳತೆಪಟ್ಟಿಯೂ ಕಾಣುವಂತೆ. ಇನ್ನೊಮ್ಮೆ ಎಣಿಸಿದರೆ ಸಂಖ್ಯೆ ಬದಲಾಗುತ್ತದೆಂದು ನಾನೇನೂ ನಂಬಿರಲಿಲ್ಲ. ಎಣಿಸದೆ ಇರಲು ಆಗುವುದಿಲ್ಲ, ಅಷ್ಟೇ.

ನಮ್ಮ ಮನೆಯ ಮುಂದಿನ ಕೋಣೆಯೇ ಅಮ್ಮನ ಹೊಲಿಗೆ ಅಂಗಡಿ. ಶಾಲೆಯ ಸಮವಸ್ತ್ರ, ಅಂಗಿ, ಕಿಟಕಿಯ ಪರದೆ, ಯಾರದೋ ಕೋಟಿನ ಹರಿದ ಒಳಪದರ, ಎಲ್ಲ ಅಲ್ಲಿ. ನಾನು ಬೆಳೆದದ್ದು ಆ ಕತ್ತರಿಸುವ ಮೇಜಿನ ಕೆಳಗೆ, ಒಂಬತ್ತನೆಯ ವಯಸ್ಸಿನಿಂದ ಮೇಜಿನ ಪಕ್ಕದಲ್ಲಿ. ಅಮ್ಮ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ ಕೊಟ್ಟರೆ, ಕತ್ತರಿಸುವುದು ನನ್ನ ಪಾಲು. ಕಾಲೇಜು ಮುಗಿಯುವ ತನಕವೂ ರಜೆಯ ದಿನಗಳೆಲ್ಲ ಹಾಗೇ ಕಳೆದವು.

ಆ ಸಂಜೆ ಅಮ್ಮ ಯಂತ್ರದ ಮುಂದೆ ಕೂತು ಒಂದು ರಾಶಿ ಕಾಲರುಗಳನ್ನು ಹೊಲಿಯುತ್ತಿದ್ದಳು. ನಾನು ಕತ್ತರಿಸುವ ಮೇಜಿನ ಮೇಲೆ ಜಾಗ ಮಾಡಿಕೊಂಡು ಹಾಳೆಗಳನ್ನು ಹರಡಿದೆ. ಐದನೆಯ ಸಲ ಎಣಿಸುತ್ತಿದ್ದಾಗ ಅಮ್ಮ ಬೆನ್ನು ಸೆಟೆಸಿಕೊಳ್ಳಲೆಂದು ಎದ್ದು ಬಂದು ಇಣುಕಿದಳು. ಗಾಯದ ಫೋಟೋ ನೋಡಿ ಅಮ್ಮನಿಗೆ ಅಸಹ್ಯವಾಗುವುದಿಲ್ಲ. ಬೆರಳಿಗೆ ಸೂಜಿ ಚುಚ್ಚಿಸಿಕೊಂಡೇ ಬದುಕಿದವಳು. ಆರನೆಯ ವಾರದ ಫೋಟೋದ ಮೇಲೆ ನನ್ನ ಪಾರದರ್ಶಕ ಹಾಳೆಯನ್ನು ಸರಿಯಾಗಿ ಕೂರಿಸಿಟ್ಟಿದ್ದೆ. ಅಮ್ಮ ಕನ್ನಡಕ ಮೇಲೇರಿಸಿ ಬಾಗಿ ನೋಡಿದಳು.

“ಪರವಾಗಿಲ್ವೇ, ಕೈ ಮರೆತಿಲ್ಲ.”

“ಏನು ಮರೆತಿಲ್ಲ?”

“ಹೊಲಿಗೆಗೆ ಜಾಗ ಎಷ್ಟು ಚೆನ್ನಾಗಿ ಬಿಟ್ಟಿದ್ದೀಯ. ಸುತ್ತ ಒಂದೇ ಸಮ, ನಾಲ್ಕು ಮಿಲಿಮೀಟರ್. ಮಕ್ಕಳ ಕಾಲರಿಗೆ ಅಷ್ಟೇ ಬಿಡೋದು.”

ನಾನು ಹಾಳೆಯನ್ನು ನೋಡಿದೆ. ಗಾಯದ ಕೆಂಪು ಒಂದು ಕಡೆ ಮುಗಿಯುತ್ತಿತ್ತು. ಅದರಾಚೆ ಮಾಸಲು ಗುಲಾಬಿ ಬಣ್ಣದ, ಹೊಳೆಯುವ ಹೊಸ ಚರ್ಮ. ನನ್ನ ಕಪ್ಪು ಗೆರೆ ಇದ್ದದ್ದು ಆ ಹೊಸ ಚರ್ಮದ ಮೇಲೆ, ಅಂಚಿನಿಂದ ಅರ್ಧ ಉಗುರಿನಷ್ಟು ಆಚೆ. ಒಂದು ಕಡೆ ಅಲ್ಲ, ಉದ್ದಕ್ಕೂ. ನಡುಗಿದ ಕೈಯ ಗೆರೆ ಅದಲ್ಲ. ನುರಿತ ಕೈಯ ಗೆರೆ.

ಅಮ್ಮ ಅಷ್ಟರಲ್ಲಿ ಮೊದಲ ದಿನದ ಹಾಳೆಯನ್ನೂ ಅದರ ಫೋಟೋವನ್ನೂ ಎತ್ತಿಕೊಂಡಿದ್ದಳು. “ಇದು ಯಾರು ಬರೆದದ್ದು? ಇವರಿಗೆ ಹೊಲಿಗೆ ಬರಲ್ಲ. ನೋಡು, ಅಂಚಿಗೇ ಎಳೆದು ಕೂತಿದ್ದಾರೆ.”

“ಅದು ಡಾಕ್ಟರದ್ದು.”

“ಪಾಪ.”

“ಅಮ್ಮ, ಅಂಚಿಗೇ ಎಳೀಬೇಕು. ಅದೇ ಸರಿ.”

ಅಮ್ಮ ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೆಲ್ಲನೆ ಕುರ್ಚಿ ಎಳೆದು ಕೂತಳು.

“ಎಷ್ಟು ಸಲ ಎಣಿಸಿದೆ?”

“ಐದು.”

“ತಪ್ಪು ಗೆರೆಯನ್ನ ಐದು ಸಲ ಎಣಿಸಿದರೆ ಸರಿ ಆಗುತ್ತೇನೇ?”

ನಿಜ ಹೇಳಬೇಕು. ಆ ಗಳಿಗೆಯಲ್ಲಿ ನನಗೆ ಮೊದಲು ಆದದ್ದು ನಾಚಿಕೆಯಲ್ಲ, ಭಯವೂ ಅಲ್ಲ. ಖುಷಿ. ಎದೆಯೊಳಗೆ ಯಾರೋ ಕಿಟಕಿ ತೆರೆದ ಹಾಗೆ. ಭಯ ಅದರ ಹಿಂದೆಯೇ ಬಂತು. ಹದಿಮೂರು ಜನರ ಗಾಯಗಳು, ವಾರಗಟ್ಟಲೆ ಹಾಳೆಗಳು, ಎಲ್ಲಕ್ಕೂ ಅಂಚು ಬಿಟ್ಟಿದ್ದೇನೆ. ಗಾಯಕ್ಕೆ ಪೆನ್ನು ಒತ್ತಿ ನೋವಾದೀತೆಂದು ಹೆದರಿ ಒಂದು ಕೂದಲೆಳೆ ಆಚೆ ಸರಿದಿರಬೇಕು. ಉಳಿದದ್ದನ್ನು ಒಂಬತ್ತನೆಯ ವಯಸ್ಸಿನಿಂದ ಪಳಗಿದ ಕೈ ತಾನೇ ಮಾಡಿದೆ. ಹೊಸ ಚರ್ಮ ಎಷ್ಟು ಬೆಳೆದರೂ ನನ್ನ ಗೆರೆ ಅದನ್ನೂ ಗಾಯದೊಳಕ್ಕೇ ಸೇರಿಸಿಕೊಳ್ಳುತ್ತಿತ್ತು. ಗಾಯ ಚಿಕ್ಕದಾದಷ್ಟೂ ನನ್ನ ನಾಲ್ಕು ಮಿಲಿಮೀಟರು ದೊಡ್ಡ ತಪ್ಪಾಗುತ್ತಾ ಹೋಗಿದೆ.

ಹೊಸ ಹಾಳೆ ಹಾಕಿ, ಕೆಂಪು ಮುಗಿಯುವ ಕಡೆಗೇ ಮೊನೆಯಿಟ್ಟು ಗೆರೆ ಎಳೆದೆ. ಕೈ ಎರಡು ಸಲ ಆಚೆ ಸರಿಯಿತು. ಮೂರನೆಯ ಹಾಳೆ ಸರಿ ಬಂತು. ಅರವತ್ತಾರು. ಅಮ್ಮ ಗುಂಡಿ ಎಣಿಸುವವಳ ಹಾಗೆ ಸಾಲುಸಾಲಾಗಿ ಬೆರಳೋಡಿಸಿ, “ಅರವತ್ತೇಳು,” ಎಂದಳು. ನಮ್ಮಿಬ್ಬರಿಗೂ ಒಂದು ಚೌಕದ ಮೇಲೆ ಜಗಳವೇ ಆಯಿತು. ಬೇಕಾದದ್ದು ತೊಂಬತ್ತನಾಲ್ಕರ ಒಳಗೆ.

ಮರುದಿನ ಬೆಳಿಗ್ಗೆ ಡಾಕ್ಟರು ಬರುವ ಮೊದಲೇ ಅವರ ಕೋಣೆಯ ಹೊರಗೆ ಇದ್ದೆ. ಅಮ್ಮನೂ ಜೊತೆಗಿದ್ದಳು. ಬರಬೇಡ ಎಂದಿದ್ದೆ. “ಕೆಲಸ ಹೋದರೆ ಮನೆಗೆ ಕರ್ಕೊಂಡು ಬರೋಕೆ ಒಬ್ಬರು ಬೇಕಲ್ಲ,” ಎಂದು ಚೀಲ ತಗಲಿಸಿಕೊಂಡು ಬಸ್ಸು ಹತ್ತಿದ್ದಳು.

ಬಸ್ಸಿನಲ್ಲಿ ನಾಲ್ಕು ವಾಕ್ಯ ಸಿದ್ಧ ಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು ಒಂದೇ.

“ಸರ್, ನಾನು ಅಳೆದದ್ದೆಲ್ಲ ತಪ್ಪು.”

ಡಾಕ್ಟರು ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಅವರ ಕಿವಿಗಳು ಕೆಂಪಾದವು. ಕೋಪವೋ ಸಂತೋಷವೋ ತಿಳಿಯಲಿಲ್ಲ. ನಾನು ಅವರ ಮೇಜಿನ ಅಂಚು ಹಿಡಿದು ನಿಂತಿದ್ದೆ.

“ಇದು ಒಳ್ಳೆ ಸುದ್ದಿ,” ಎಂದರು ಕೊನೆಗೆ. “ಒಳ್ಳೆ ಸುದ್ದಿ ಅನ್ನೋದಕ್ಕೇ ನಾನು ಇದನ್ನ ನಂಬಬಾರದು. ಟೀಚರಿಗೆ ಫೋನ್ ಮಾಡಿ, ಬರೋಕೆ ಹೇಳಿ. ಯಾಕೆ ಅಂತ ಹೇಳಬೇಡಿ.”

ಟೀಚರ್ ಹನ್ನೊಂದಕ್ಕೆ ಬಂದರು. ದನಿ ಮೊದಲು ಬರಲಿಲ್ಲ ಅಂದು; ಊರುಗೋಲಿನ ಸದ್ದು ಮಾತ್ರ. ಆಪರೇಷನ್ನಿಗೆ ರಕ್ತ ಪರೀಕ್ಷೆ ಎಂದುಕೊಂಡು ಬಂದಿದ್ದರು. ಅಮ್ಮ ಗೋಡೆಯ ಬೆಂಚಿನ ಮೇಲೆ ಕೂತಿದ್ದವಳು ಅವರ ಪ್ಯಾಂಟಿನ ಪಿನ್ನುಗಳನ್ನು ನೋಡಿ ಎದ್ದೇಬಿಟ್ಟಳು.

“ಏನಮ್ಮ ಇದು, ಬಟ್ಟೆಗೆ ಮೊಳೆ ಹೊಡೆದ ಹಾಗೆ?”

“ಪಟ್ಟಿ ಬಿಚ್ಚೋಕೆ ಸುಲಭ ಆಗಲಿ ಅಂತ.”

“ಟಿಚ್ ಬಟನ್ ಅಂತ ಒಂದು ವಸ್ತು ಇದೆ ಲೋಕದಲ್ಲಿ. ಬಿಚ್ಚಿಕೊಡಿ ಇಲ್ಲಿ. ಒಂದು ಚಾದರ ಸುತ್ತಿಕೊಳ್ಳಿ.”

ಟೀಚರ್ ನನ್ನ ಕಡೆ ನೋಡಿದರು. “ಯಾರಿವರು?”

“ನಮ್ಮಮ್ಮ.”

“ಓ. ನಿಮಗೆ ಹೆದರಿಕೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು,” ಎನ್ನುತ್ತಾ ಟೀಚರ್ ಚಾದರ ಕೇಳಿ ತರಿಸಿಕೊಂಡರು. ಅಮ್ಮ ಚೀಲದಿಂದ ಸೂಜಿ ದಾರ ತೆಗೆದು, ಪ್ಯಾಂಟು ಹಿಡಿದು ಕೂತಳು.

ಡಾಕ್ಟರು ಮೊದಲು ದೊಡ್ಡ ಸಿಸ್ಟರ್ ಕೈಯಲ್ಲಿ ಗೆರೆ ಎಳೆಸಿದರು. ಆಮೇಲೆ ಮಕ್ಕಳ ವಿಭಾಗದಿಂದ ಒಬ್ಬ ಡಾಕ್ಟರಮ್ಮನನ್ನು ಕರೆಸಿದರು. ಅವರಿಗೆ ವಿಷಯ ಏನೂ ಗೊತ್ತಿರಲಿಲ್ಲ. ಕೊನೆಗೆ ತಾವೇ ಎಳೆದರು. ಒಬ್ಬರ ಹಾಳೆ ಇನ್ನೊಬ್ಬರು ನೋಡದಂತೆ ಮಡಚಿದ ಕಡತದೊಳಗೆ ಹಾಕುತ್ತಾ ಹೋದರು. ಎಣಿಸುವ ಕೆಲಸವನ್ನೂ ಬೇರೆಯವರಿಗೆ ಕೊಟ್ಟರು. ಬಳಿಕ ನನ್ನ ಸರದಿ.

“ನೀವು ಎಂದಿನ ಹಾಗೇ ಎಳೀರಿ. ನಾನು ನೋಡಬೇಕು.”

ಹಾಳೆ ಇಟ್ಟೆ. ಇಷ್ಟೆಲ್ಲ ಗೊತ್ತಾದ ಮೇಲೂ, ಅಷ್ಟು ಜನ ಬಾಗಿ ನೋಡುತ್ತಿದ್ದರೂ, ನನ್ನ ಪೆನ್ನು ಮೆಲ್ಲಗೆ ಆಚೆಗೆ ಸರಿಯಿತು. ಬೆನ್ನ ಹಿಂದಿನಿಂದ, ಬಾಯಲ್ಲಿ ದಾರ ಕಚ್ಚಿಕೊಂಡೇ, ಅಮ್ಮನ ದನಿ.

“ಒಳಗೆ ಬಾ, ಒಳಗೆ. ಇದು ಅಂಗಿ ಅಲ್ಲ ಕಣೇ.”

ಟೀಚರ್ ಒಮ್ಮೆ ಅಮ್ಮನನ್ನು, ಒಮ್ಮೆ ನನ್ನ ಪೆನ್ನನ್ನು ನೋಡಿದರು. “ಏನಿದು? ಯಾರಾದರೂ ಹೇಳ್ತೀರಾ?”

ಹೇಳಬೇಕಾದವಳು ನಾನೇ. “ಟೀಚರ್, ನಾನು ಚಿಕ್ಕಂದಿನಿಂದ ಅಮ್ಮನಿಗೆ ಬಟ್ಟೆ ಕತ್ತರಿಸಿಕೊಟ್ಟವಳು. ಗೆರೆಯ ಆಚೆ ಹೊಲಿಗೆಗೆ ಜಾಗ ಬಿಟ್ಟು ಕತ್ತರಿಸೋದು ಅಭ್ಯಾಸ. ನಿಮ್ಮ ಗಾಯಕ್ಕೂ ಹಾಗೇ ಬಿಟ್ಟಿದ್ದೀನಿ. ಗಾಯ ನಾನು ಹೇಳಿದಷ್ಟು ದೊಡ್ಡದಿಲ್ಲ. ನನ್ನಿಂದ ತಪ್ಪಾಗಿದೆ.”

ಅವರು ಬೈಯುತ್ತಾರೆಂದು ಕಾದೆ. ಬೈಯಲು ಅವರಿಗೆ ಎಲ್ಲ ಹಕ್ಕೂ ಇತ್ತು. ಆರು ವಾರ ಪ್ರತಿ ಮಂಗಳವಾರ ಅವರ ಮುಖ ಬಾಡುವುದನ್ನು ನೋಡಿದವಳು ನಾನು.

“ಎಷ್ಟಿದೆ ಹಾಗಾದರೆ?” ಎಂದರು ಟೀಚರ್.

ಡಾಕ್ಟರು ಕಡತ ತೆರೆದರು. ಸಿಸ್ಟರದ್ದು ಅರವತ್ತೆಂಟು. ಮಕ್ಕಳ ಡಾಕ್ಟರಮ್ಮನದ್ದು ಅರವತ್ತೈದು. ಅವರದೇ ಅರವತ್ತೇಳು. ಅರವತ್ತೇಳು ಎಂದು ಕೇಳಿದ ಕೂಡಲೇ ಅಮ್ಮ ಬಾಯಿಂದ ದಾರ ತೆಗೆದು ನನ್ನ ಕಡೆ ಒಂದು ನೋಟ ಬೀರಿದಳು.

“ತೊಂಬತ್ತನಾಲ್ಕರ ಒಳಗೆ ಇರಬೇಕಿತ್ತು,” ಎಂದರು ಡಾಕ್ಟರು. “ಎಷ್ಟೋ ಒಳಗಿದೆ. ಸೋಮವಾರದ ಆಪರೇಷನ್ ಇಲ್ಲ. ಮುಲಾಮು ಮುಂದುವರಿಸೋಣ.”

ಟೀಚರ್ ಹಾಸಿಗೆಯ ಮೇಲೆ ಚಾದರ ಸುತ್ತಿಕೊಂಡು ಕೂತಲ್ಲೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಭುಜಗಳು ಅಲುಗಿದವು. ಅಳುತ್ತಿದ್ದಾರೆಂದು ಸಿಸ್ಟರ್ ಹತ್ತಿರ ಹೋದರು. ಕೈ ತೆಗೆದಾಗ ನೋಡಿದರೆ ನಗು.

“ಅಲ್ಲ ಮೇಡಂ, ನನ್ನ ಕಾಲಿಗೆ ಕಾಲರ್ ಹೊಲಿಯೋಕೆ ಹೊರಟಿದ್ದಿರಲ್ಲ. ಎಷ್ಟು ವಾರದಿಂದ.”

ಆಗ ನಾನೂ ನಕ್ಕೆ. ಡಾಕ್ಟರೂ ನಕ್ಕರು. ಮಕ್ಕಳ ಡಾಕ್ಟರಮ್ಮ ಮಾತ್ರ ಏನಾಗುತ್ತಿದೆಯೆಂದು ತಿಳಿಯದೆ, ಸಭ್ಯತೆಗೆ ಸ್ವಲ್ಪ ನಕ್ಕು, ತಮ್ಮ ವಿಭಾಗಕ್ಕೆ ಹೋದರು.

ಶುಕ್ರವಾರದ ಸಭೆಗೆ ಮೊದಲೇ ಹದಿಮೂರೂ ಜನರ ಗಾಯಗಳನ್ನು ಫೋಟೋಗಳಿಂದ ಹೊಸದಾಗಿ ಅಳೆಸಿದರು; ನನ್ನನ್ನು ಅದರ ಹತ್ತಿರವೂ ಬಿಡಲಿಲ್ಲ. ಅದೇ ಸರಿ. ಒಂಬತ್ತು ಜನರ ಗಾಯ ನಾವು ತಿಳಿದದ್ದಕ್ಕಿಂತ ಬೇಗ ಮಾಯುತ್ತಿತ್ತು. ನಾಲ್ಕು ಜನರಿಗೆ ಮುಲಾಮಿನಿಂದ ಏನೂ ಆಗಿರಲಿಲ್ಲ. ಅಂಚು ಸರಿ ಮಾಡಿದರೂ ಅವರ ಸಂಖ್ಯೆ ಮೊಂಡಾಗಿ ನಿಂತೇ ಇತ್ತು. ಟೀಚರನ್ನು ಬಿಟ್ಟು ಬೇರೆ ಯಾರೂ ಆರನೆಯ ವಾರ ಮುಟ್ಟಿರಲಿಲ್ಲ, ಹಾಗಾಗಿ ನನ್ನ ಗೆರೆಯಿಂದ ಯಾರ ಚಿಕಿತ್ಸೆಯೂ ನಿಂತಿರಲಿಲ್ಲ. ಅದನ್ನು ರೋಗಿಗಳ ಪಟ್ಟಿಯಲ್ಲಿ ನಾಲ್ಕು ಸಲ ನೋಡಿ ಖಾತ್ರಿ ಮಾಡಿಕೊಂಡೆ. ವರದಿಯಲ್ಲಿ ಅಳತೆಯ ತಪ್ಪನ್ನು ನಾನೇ ಬರೆಯಬೇಕೆಂದು ಕೇಳಿಕೊಂಡೆ. ಒಂದು ಪುಟ ಬರೆದು, ಅರ್ಧ ಪುಟಕ್ಕಿಳಿಸಿ, ಅಮ್ಮನಿಗೆ ಓದಿ ಹೇಳಿದೆ. “ಬಿಟ್ಟಿದ್ದೆ, ಬಿಡಬಾರದಿತ್ತು. ಇಷ್ಟು ಸಾಲದಾ?” ಎಂದಳು. ಕೊನೆಗೆ ಮೂರು ಸಾಲು ಬರೆದೆ.

ನನ್ನ ಕೆಲಸ ಹೋಗಲಿಲ್ಲ. “ಒಂದೇ ಕೈಯನ್ನ ನಂಬಿದ್ದು ನನ್ನ ತಪ್ಪು,” ಎಂದರು ಡಾಕ್ಟರು. ಅಂದಿನಿಂದ ಪ್ರತಿ ಗಾಯಕ್ಕೂ ಇಬ್ಬರ ಗೆರೆ. ದೊಡ್ಡ ಸಿಸ್ಟರದ್ದು ಒಂದು, ನನ್ನದು ಒಂದು. ಮೊದಲೆರಡು ವಾರ ಸಿಸ್ಟರ್ ನನ್ನ ಹಾಳೆ ಪರೀಕ್ಷಿಸುವಾಗ, “ಏನು, ಮಡಿಕೆಗೂ ಬಿಟ್ಟಿದ್ದೀರಾ?” ಎಂದು ಕೇಳುತ್ತಿದ್ದರು. ಆಮೇಲೆ ಕೇಳುವುದನ್ನು ಬಿಟ್ಟರು. ನಾನು ಈಗಲೂ ಮೂರು ಸಲ ಎಣಿಸುತ್ತೇನೆ, ಆದರೆ ಎಣಿಸುವ ಮೊದಲು ಗೆರೆಯನ್ನೇ ಒಮ್ಮೆ ನೋಡುತ್ತೇನೆ.

ಟೀಚರ ಗಾಯ ಏಳನೆಯ ವಾರ ನಲವತ್ತೊಂದು ಚೌಕ. ಎಂಟನೆಯ ವಾರ ಇಪ್ಪತ್ತೆರಡು. ಒಂಬತ್ತಕ್ಕೆ ಒಂಬತ್ತು, “ನೋಡಿ, ಹೊಂದಿಸಿಕೊಂಡೇ ಮಾಯ್ತಾ ಇದೆ,” ಎಂದರು ಅವರು. ಹತ್ತಕ್ಕೆ ಮೂರು. ಅವರ ಪ್ಯಾಂಟಿಗೆ ಈಗ ಮೊಣಕಾಲಿನಿಂದ ಪಾದದ ತನಕ ಟಿಚ್ ಬಟನ್ನುಗಳು. ಪಟ್ಟಿ ಬಿಚ್ಚುವ ದಿನ ಟಕಟಕನೆ ಅಷ್ಟನ್ನೂ ಒಂದೇ ಎಳೆತಕ್ಕೆ ಬಿಚ್ಚುವುದು ಅವರ ಹೊಸ ಆಟ. ಪಕ್ಕದ ಹಾಸಿಗೆಗಳಿಂದ ಇಬ್ಬರು ಅಮ್ಮನ ವಿಳಾಸ ಕೇಳಿದರು.

ಹನ್ನೊಂದನೆಯ ವಾರ ಸಿಸ್ಟರ್ ಪಟ್ಟಿ ಬಿಚ್ಚಿ, ತೊಳೆಯಲೆಂದು ಬಾಗಿ, ಹಾಗೇ ನಿಂತರು. ಗಾಯವಿದ್ದ ಜಾಗದಲ್ಲಿ ಎಳೆಯ ಗುಲಾಬಿ ಚರ್ಮ, ನಯವಾಗಿ, ಸ್ವಲ್ಪ ಸುಕ್ಕಾಗಿ. ನಾನು ಹಾಳೆ ಇಟ್ಟೆ. ಪೆನ್ನಿನ ಮುಚ್ಚಳ ತೆಗೆದೆ. ಮೊನೆಯನ್ನು ಎಲ್ಲಿ ಊರಬೇಕೆಂದು ತಿಳಿಯಲಿಲ್ಲ. ಗೆರೆ ಎಳೆಯಲು ಅಲ್ಲಿ ಅಂಚೇ ಇರಲಿಲ್ಲ.

“ಎಳೀರಿ ಮೇಡಂ,” ಎಂದರು ಟೀಚರ್. ಅವರು ಕತ್ತು ಚಾಚಿ ನೋಡುತ್ತಿದ್ದರೂ ಮಂಡಿಯ ಮರೆಯಲ್ಲಿ ಅವರಿಗೆ ಕಾಣುತ್ತಿರಲಿಲ್ಲ.

“ಎಳೆಯೋಕೆ ಏನೂ ಇಲ್ಲ ಟೀಚರ್.”

“ಅಂದರೆ?”

“ಸೊನ್ನೆ.”

ಸಿಸ್ಟರೂ ಹಾಳೆ ಇಟ್ಟು, ಪೆನ್ನು ಎತ್ತಿ, ಇಳಿಸಿದರು. ಅವರದೂ ಸೊನ್ನೆ. ಎರಡು ಖಾಲಿ ಹಾಳೆಗಳ ಮೇಲೆ ತಾರೀಖು ಹಾಕಿ, ಸಹಿ ಹಾಕಿ, ಕಡತಕ್ಕೆ ಸೇರಿಸಿದೆವು. ಡಾಕ್ಟರು ಬಂದು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ಇನ್ನೆರಡು ವಾರ ಚರ್ಮ ಗಟ್ಟಿಯಾಗಲಿ ಎಂದರು. ಟೀಚರ್ ಆ ಎರಡು ವಾರದ ಪ್ರತಿ ದಿನವೂ ನನಗೆ ಫೋನ್ ಮಾಡಿ, ಉಳಿದ ದಿನಗಳೆಷ್ಟೆಂದು ಹೇಳಿದರು.

ಎರಡು ವಾರ ಮುಗಿದ ಭಾನುವಾರ ನಾನೂ ಅಮ್ಮನೂ ಈಜುಕೊಳಕ್ಕೆ ಹೋದೆವು. ಬೆಳಗಿನ ಏಳು ಗಂಟೆ. ನೀರಿನ ಮೇಲೆ ಎಳೆ ಬಿಸಿಲು. ಹನ್ನೊಂದು ಹೆಂಗಸರು ಈಜುಡುಗೆ ತೊಟ್ಟು, ಟೋಪಿ ಹಾಕಿಕೊಂಡು ದಂಡೆಯ ಮೇಲೆ ಸಾಲಾಗಿ ಕೂತಿದ್ದರು. ಅಮ್ಮ ಅವರ ಪಕ್ಕದಲ್ಲಿ ಕೂತು ಐದು ನಿಮಿಷದಲ್ಲಿ ಯಾರ ಉಡುಗೆ ಎಲ್ಲಿ ಬಿಗಿಯೆಂದು ಅವರವರಿಗೆ ತಿಳಿಸಿಯೂ ಆಗಿತ್ತು.

ಟೀಚರ್ ಧುಮುಕಲಿಲ್ಲ. ಊರುಗೋಲನ್ನು ಗೋಡೆಗೆ ಒರಗಿಸಿ, ಮೂಲೆಯ ಕಬ್ಬಿಣದ ಏಣಿಗೆ ಬೆನ್ನು ತಿರುಗಿಸಿ, ಎರಡೂ ಕೈಯಿಂದ ಹಿಡಿದು ಇಳಿಯತೊಡಗಿದರು. ಒಂದು ಮೆಟ್ಟಿಲು. ಪಾದ ಮುಳುಗಿತು. ಇನ್ನೊಂದು ಮೆಟ್ಟಿಲಿಗೆ ನೀರು ಆ ಗುಲಾಬಿ ಕಲೆಯ ಮೇಲೆ ಬಂತು. ಅಲ್ಲೇ ನಿಂತರು. ಉರಿಯುತ್ತಿದೆಯೇ, ಹೊಸ ಚರ್ಮ ಬಿರಿಯಿತೇ ಎಂದು ನಾನು ಬಾಗಿ ನೋಡಿದೆ. ಅತಿ ಹಿರಿಯ ಹುಡುಗಿ ಕಣ್ಣೊರೆಸಿಕೊಂಡರು.

“ಯಾರೂ ಅಳಬಾರದು,” ಎಂದರು ಟೀಚರ್, ತಿರುಗದೆಯೇ. “ಕೊಳ ಆಗಲೇ ತುಂಬಿದೆ.”

ಮತ್ತೆರಡು ಮೆಟ್ಟಿಲು ಇಳಿದು, ಏಣಿ ಬಿಟ್ಟು, ಹಿಂದಕ್ಕೆ ಒರಗಿಕೊಂಡರು. ನೀರು ಅವರನ್ನು ಎತ್ತಿಕೊಂಡಿತು. ಸದ್ದಿಲ್ಲದೆ, ಅಂಗಾತ, ಒಂದೊಂದೇ ಕೈ ಎತ್ತಿ ಹಾಕುತ್ತಾ ಕೊಳದ ಆ ತುದಿಗೆ ಹೋದರು. ಅಲ್ಲಿ ಒಂದು ಗಳಿಗೆ ಗೋಡೆ ಹಿಡಿದು ನಿಂತದ್ದು ಕಂಡಿತು. ಆಮೇಲೆ ತಲೆ ಮುಳುಗಿಸಿ, ಈ ತುದಿಯ ತನಕ ನೀರಿನ ಕೆಳಗೇ ಬಂದು, ನಮ್ಮೆಲ್ಲರ ಪಾದಗಳ ಮುಂದೆ ಭುಸ್ಸೆಂದು ಎದ್ದರು. ಮುಖದ ನೀರು ಒರೆಸಿಕೊಂಡರು.

“ಏನು ನೋಡ್ತಾ ಕೂತಿದ್ದೀರಿ ಎಲ್ಲರೂ? ಇಳೀರಿ. ಹದಿನಾಲ್ಕು ತಿಂಗಳ ಮೇಲಾಯ್ತು, ಗುಳ್ಳೆ ಬಿಡೋದಾದರೂ ನೆನಪಿದೆಯೋ ಇಲ್ಲವೋ ನೋಡೋಣ.”

ಹನ್ನೊಂದು ಜನ ಒಟ್ಟಿಗೆ ಇಳಿದಾಗ ಕೊಳದ ನೀರು ದಂಡೆ ದಾಟಿ ಬಂದು ನನ್ನ ಚಪ್ಪಲಿಯನ್ನೂ ಅಮ್ಮನ ಚೀಲವನ್ನೂ ನೆನೆಸಿತು. ಅಮ್ಮ ಚೀಲ ಎತ್ತಿ ಹಿಡಿದು ಬೈಯುತ್ತಿದ್ದಳು. ಬಾಯಿ ಬಿಗಿ ಮುಚ್ಚಿಕೊಂಡು ಕತ್ತಿನುದ್ದ ನೀರಿನಲ್ಲಿ ನಿಂತ ಐವತ್ತೊಂಬತ್ತರ ಒಬ್ಬ ಹುಡುಗಿಗೆ ಟೀಚರ್ ಹೇಳುತ್ತಿದ್ದರು: “ಕೂದಲು ನೆನೆದರೆ ಏನೂ ಆಗಲ್ಲ. ಮುಖ ಒಳಗೆ. ಪೂರ್ತಿ ಒಳಗೆ.”